ಹಗೇವಿನೊಳಗಿಂದ ಹೂಂಗುಟ್ಟಿದ ದನಿ

ನನ್ನ ಹೆಸರು ಏಕನಾಥಮ್ಮ ಕೋಂ ಲೇಟ್ ಮುನಿಯಪ್ಪ, ವಯಸ್ಸು 54 ವರ್ಷ, ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ, ವಾಸ ಕರೆಕಣದಹಟ್ಟಿ, ತುರುವನೂರು ಹೋಬಳಿ, ಚಿತ್ರದುರ್ಗ ತಾಲ್ಲೂಕು. ನಮ್ಮೂರಿನ ಕುರಿಗಾಹಿ ಸಣ್ಣತಿಮ್ಮಪ್ಪ, 66 ವರ್ಷ, ಇವರು ನೆಲದೊಳಗಿನ ಹಳೇ ಜೋಳದ ಹಗೇವಿನಲ್ಲಿ ಬಿದ್ದಿರುವುದು ನನಗೊಬ್ಬಳಿಗೆ ಹೇಗೆ ಗೊತ್ತಾಯಿತೆಂದು ಠಾಣೆಯವರು ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ,

ಓದಲು ಬಾರದ ಹಿರಿಯರಿಗಾಗಿ ನಾನು ಪ್ರತಿ ಮಂಗಳವಾರ ಮತ್ತು ಶುಕ್ರವಾರ ಸಂಜೆ 5-30ರಿಂದ 6-30ರವರೆಗೆ ಗ್ರಂಥಾಲಯದ ಕಟ್ಟೆಯ ಮೇಲೆ ಕಾದಂಬರಿಗಳನ್ನು ಕತೆ ಮಾಡಿ ಹೇಳುತ್ತೇನೆ. ಪುಸ್ತಕ ಕೈಯಲ್ಲಿರುತ್ತದೆ, ಆದರೆ ಓದುವುದಿಲ್ಲ, ಹೇಳುತ್ತೇನೆ. ಇದು ನಮ್ಮಜ್ಜಿಯಿಂದ ಬಂದ ಕ್ರಮ. ಒಂದು ಮಾತು ಹೇಳಿ ನಿಲ್ಲಿಸಬೇಕು, ಕೇಳುವವರಲ್ಲಿ ಒಬ್ಬರು ಹ್ಞೂಂ ಎನ್ನಬೇಕು, ಆಮೇಲೆ ಮುಂದಿನ ಮಾತು. ಹೂಂಗುಟ್ಟುವವರಿಲ್ಲದ ಕತೆ ಮುಂದಕ್ಕೆ ಹೋಗುವುದಿಲ್ಲ. ನಾಲ್ಕು ವರ್ಷಗಳಿಂದ ಹೂಂಗುಟ್ಟುವ ಕೆಲಸ ಸಣ್ಣತಿಮ್ಮಪ್ಪನವರದೇ ಆಗಿತ್ತು.

ಈ ವರ್ಷ ಹೇಳುತ್ತಿದ್ದುದು ಕನ್ನಡಕ್ಕೆ ಬಂದಿರುವ ಏಳು ಪತ್ತೇದಾರಿ ಕಾದಂಬರಿಗಳ ಒಂದು ಮಾಲೆ. ನೂರಿಪ್ಪತ್ತು ವರ್ಷಗಳ ಹಿಂದೆ ಬ್ರೀಡಾ ಎಂಬ ಹೆಣ್ಣುಮಗಳು ಐರ್ಲೆಂಡ್ ದೇಶದಲ್ಲಿ ಮನೆಯವರಿಗೆ ಹೇಳದೆ ಹಡಗು ಹತ್ತಿ ನ್ಯೂಯಾರ್ಕಿಗೆ ಹೋಗುತ್ತಾಳೆ. ಅಲ್ಲಿ ಬಟ್ಟೆ ಒಗೆದು ಹೊಟ್ಟೆ ಹೊರೆಯುತ್ತ, ಪೊಲೀಸರು ಕೈಬಿಟ್ಟ ಪ್ರಕರಣಗಳನ್ನು ಪತ್ತೆ ಮಾಡುತ್ತಾಳೆ. ಇದು ಅಲ್ಲಿನ ಪೊಲೀಸರ ಮಾತು, ಠಾಣೆಯವರು ತಪ್ಪು ತಿಳಿಯಬಾರದು. ಬ್ರೀಡಾ ಎನ್ನಲು ನಾಲಿಗೆ ಹೊರಳದೆ ನಮ್ಮೂರಿನವರು ಅವಳನ್ನು ಬೀರಮ್ಮ ಎಂದು ಕರೆದರು. ಬೀರಮ್ಮ ಹಿಂದೆ ಯಾವಾಗಲೋ ಕುರಿ ಕಾದವಳೇ ಇರಬೇಕು, ಇಲ್ಲದಿದ್ದರೆ ಅಷ್ಟು ಬಾಯಿ ಬರುತ್ತಿರಲಿಲ್ಲ ಎಂದು 88 ವರ್ಷದ ಮರುಳಸಿದ್ದಮ್ಮನವರು ಹೇಳುತ್ತಿದ್ದರು.

ಸಣ್ಣತಿಮ್ಮಪ್ಪನವರಿಗೆ ಬೀರಮ್ಮನ ಮೇಲೆ ಅಷ್ಟು ಅಕ್ಕರೆ ಇರಲು ಕಾರಣವಿತ್ತು. ಅವರ ಅಕ್ಕ ಬೊಮ್ಮಕ್ಕ 1974ರ ಯುಗಾದಿಯ ಮುಂಚಿನ ವಾರ, 17ನೇ ವಯಸ್ಸಿನಲ್ಲಿ, ಒಪ್ಪದ ಗಂಡಿನ ವಿಚಾರಕ್ಕೆ ಮನೆಯಲ್ಲಿ ಜಗಳವಾಡಿ, ಬಸ್ಸು ಹತ್ತಿ ಹೋಗಿಬಿಟ್ಟಳೆಂಬುದು ಊರಿನ ಮಾತು. ಆಗ ಇವರಿಗೆ 15 ವರ್ಷ. ಬೀರಮ್ಮ ಹಡಗು ಹತ್ತಿದ ಭಾಗ ಹೇಳಿದ ದಿನ ಇವರು ಹೂಂಗುಟ್ಟುವುದನ್ನು ಮರೆತು, "ನಮ್ಮಕ್ಕನೂ ಹಿಂಗೇ ಎಲ್ಲೋ ಬಾಳೇವು ಮಾಡ್ತಿರಬೇಕು ತಂಗಿ, ಅವಳಿಗೂ ಬಾಯಿ ಭಾಳ ಇತ್ತು" ಎಂದು ನಕ್ಕಿದ್ದರು.

ದಿನಾಂಕ 11-02-2025ರ ಮಂಗಳವಾರ ಮೂರನೆಯ ಪುಸ್ತಕ ನಡೆಯುತ್ತಿತ್ತು. ಸಾಹುಕಾರನ ಮನೆಯ ಕೆಲಸದ ಹುಡುಗಿ ಕಾಣೆಯಾಗಿರುತ್ತಾಳೆ. ರೈಲು ಹತ್ತಿ ಹೋದಳೆಂದು ಎಲ್ಲರೂ ಹೇಳುತ್ತಾರೆ. ಬೀರಮ್ಮ ಒಬ್ಬೊಬ್ಬರನ್ನೇ ಹಿಡಿದು, ಅವಳು ರೈಲು ಹತ್ತಿದ್ದನ್ನು ಕಣ್ಣಾರೆ ಕಂಡವರು ಯಾರೆಂದು ಕೇಳುತ್ತಾಳೆ. ಕಂಡವರು ಒಬ್ಬರೂ ಇಲ್ಲ, ಎಲ್ಲರೂ ಇನ್ನೊಬ್ಬರ ಬಾಯಿಂದ ಕೇಳಿದವರೇ. ಹಾಗಾದರೆ ಹುಡುಗಿ ಮನೆ ಬಿಟ್ಟೇ ಇಲ್ಲ ಎಂದು ಬೀರಮ್ಮ ಇದ್ದಿಲು ತುಂಬುವ ನೆಲಮಾಳಿಗೆಯ ಬಾಗಿಲಿಗೆ ಕೈ ಹಾಕುತ್ತಾಳೆ. ಅಲ್ಲಿಗೆ 6-30 ಆಯಿತು, ನಿಲ್ಲಿಸಿದೆ. ಮರುಳಸಿದ್ದಮ್ಮನವರು "ಏ, ಬಾಗಿಲು ತೆಗ್ದು ಹೋಗೇ ಮಾರಾಯ್ತಿ, ಶುಕ್ರವಾರದ ತನಕ ನಾನಿರ್ತೀನೋ ಇಲ್ವೋ" ಎಂದು ಬೈದರು. ಎಲ್ಲರೂ ನಕ್ಕರು. ಸಣ್ಣತಿಮ್ಮಪ್ಪನವರು ನಗಲಿಲ್ಲ. ಕೊನೆಯ ಎರಡು ಮಾತಿಗೆ ಅವರು ಹೂಂಗುಟ್ಟಿಯೂ ಇರಲಿಲ್ಲ.

ದಿನಾಂಕ 12ರ ಬುಧವಾರ ಸಂಜೆ 7-15ಕ್ಕೆ ಅವರ ಮಗ ಓಬಳೇಶ್, 38 ವರ್ಷ, ಗೂಡ್ಸ್ ಆಟೋ ಚಾಲಕ, ನಮ್ಮ ಮನೆಗೆ ಬಂದು ಅಪ್ಪ ಬಂದಿದ್ದರಾ ಎಂದು ಕೇಳಿದರು. ಕುರಿಗಳನ್ನು ಬೇರೆಯವರಿಗೆ ಒಪ್ಪಿಸಿ ಸಂಜೆ 4-30ಕ್ಕೆ ಹೋದವರು ಮನೆಗೆ ಬಂದಿಲ್ಲವೆಂದರು. ಅಂದು ರಾತ್ರಿ ಊರಿನವರು ಬಾವಿ, ಕೆರೆ, ಬಸ್ ನಿಲ್ದಾಣ ನೋಡಿದರು. ಮರುದಿನ ಬೆಳಿಗ್ಗೆ ಓಬಳೇಶ್ ಠಾಣೆಗೆ ದೂರು ಕೊಟ್ಟರು.

ದಿನಾಂಕ 13ರ ಗುರುವಾರ ಇಡೀ ದಿನ ಹುಡುಕಾಟ ನಡೆಯಿತು. ಸಂಜೆ 5-50ರ ಸುಮಾರಿಗೆ ನಾನು ಮತ್ತು ಓಬಳೇಶ್ ಕೆರೆಯ ಕಡೆಯಿಂದ ಮರಳುತ್ತ ಹಳೇ ಕಣಕ್ಕೆ ಬಂದೆವು. ಇದು ಗ್ರಂಥಾಲಯದಿಂದ ಉತ್ತರಕ್ಕೆ ಸುಮಾರು 340 ಮೀಟರ್ ದೂರದಲ್ಲಿದೆ. ಹಿಂದೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಒಂಬತ್ತು ಹಗೇವುಗಳು ಇಲ್ಲಿವೆ. ನಲವತ್ತು ವರ್ಷಗಳಿಂದ ಯಾರೂ ಬಳಸಿಲ್ಲ, ಮೇಲೆಲ್ಲ ಜಾಲಿ ಬೆಳೆದಿದೆ. ಮಧ್ಯಾಹ್ನ ಹುಡುಕುವವರು ಇದೇ ದಾರಿಯಲ್ಲಿ ಎರಡು ಸಲ ಹಾದುಹೋಗಿದ್ದರು.

ಕಾಲು ಸೋತು ನಾನು ಒಂದು ಕಲ್ಲಿನ ಮೇಲೆ ಕುಳಿತೆ. ಓಬಳೇಶ್ ಅಪ್ಪನ ಹೆಸರು ಹಿಡಿದು ಕೂಗಲು ಬಾಯಿ ತೆರೆದಾಗ ತಡೆದೆ. ಹೊತ್ತು ಮುಳುಗುವಾಗ ಬಯಲಿನಲ್ಲಿ ಕಳೆದವರನ್ನು ಹೆಸರು ಹಿಡಿದು ಕೂಗಬಾರದೆಂದು ನಮ್ಮ ಕಡೆ ನಂಬಿಕೆ. ಓ ಎನ್ನುವವರು ಯಾರೆಂದು ಹೇಳಲಾಗುವುದಿಲ್ಲ. "ಹಂಗಾರೆ ಏನಂತ ಕರಿಯಾಣ ಅತ್ತೆ?" ಎಂದು ಓಬಳೇಶ್ ಅತ್ತರು. ನನಗೆ ಬೇರೆ ಏನೂ ತೋಚಲಿಲ್ಲ. ಮಂಗಳವಾರ ನಿಲ್ಲಿಸಿದ ಕಡೆಯಿಂದ ಕತೆಯನ್ನು ಗಟ್ಟಿಯಾಗಿ ಹೇಳತೊಡಗಿದೆ. ಎಲ್ಲೇ ಇದ್ದರೂ ಈ ಕತೆಗೆ ಅವರು ಹೂಂಗುಟ್ಟದೆ ಇರಲಾರರು ಎಂದುಕೊಂಡೆ.

ಬೀರಮ್ಮ ನೆಲಮಾಳಿಗೆಯ ಬಾಗಿಲು ತೆಗೆದಳು ಎಂದು ಹೇಳಿ ನಿಲ್ಲಿಸಿದೆ. ಏನೂ ಇಲ್ಲ. ಒಳಗೆ ಕತ್ತಲು ಗವ್ವೆನ್ನುತ್ತಿತ್ತು ಎಂದು ಹೇಳಿ ನಿಲ್ಲಿಸಿದೆ. ಏನೂ ಇಲ್ಲ. ದೀಪ ಹಿಡಿದು ಒಂದು ಮೆಟ್ಟಿಲು ಇಳಿದಳು ಎಂದು ಹೇಳಿ ನಿಲ್ಲಿಸಿದೆ. ಆಗ ಹ್ಞೂಂ ಎಂದು ಕೇಳಿಸಿತು.

ದನಿ ಎದುರಿನಿಂದ ಬರಲಿಲ್ಲ, ನನ್ನ ಕಾಲಿನ ಕೆಳಗಿನಿಂದ ಬಂತು. ಕುಳಿತಿದ್ದ ಕಲ್ಲಿಗೂ ಅದು ತಗುಲಿದಂತಾಯಿತು. ನಾನು ಏಳಲಿಲ್ಲ. ಎದ್ದರೆ ನಿಂತುಹೋಗುತ್ತದೆ ಎನಿಸಿ ಮುಂದಿನ ಮಾತು ಹೇಳಿದೆ. ಮತ್ತೆ ಹ್ಞೂಂ ಎಂದಿತು. ಹೀಗೆ ಏಳು ಮಾತಿಗೆ ಏಳು ಸಲ ಹೂಂಗುಟ್ಟಿತು. ನಾನು ಕತೆ ಹೇಳುತ್ತಲೇ ಎದ್ದು, ದನಿಯ ಜಾಡು ಹಿಡಿದು ಹದಿನಾಲ್ಕು ಹೆಜ್ಜೆ ನಡೆದು ಜಾಲಿಯನ್ನು ಸರಿಸಿದೆ. ಐದನೆಯ ಹಗೇವಿನ ಮೇಲುಗಲ್ಲು ಎರಡು ಹೋಳಾಗಿತ್ತು. ಪಕ್ಕದಲ್ಲಿ ಹಾರೆ ಬಿದ್ದಿತ್ತು. ಓಬಳೇಶ್ ಮೊಬೈಲ್ ಬೆಳಕು ಬಿಟ್ಟು, "ಅಯ್ಯೋ, ನಮ್ಮಪ್ಪ ಇಲ್ಲೇ ಐತಲ್ಲೋ" ಎಂದು ಕೂಗಿದರು. ಆಗ ಸಮಯ 6-12.

ಓಬಳೇಶ್ ತಮಗೆ ಯಾವ ದನಿಯೂ ಕೇಳಿಸಲಿಲ್ಲವೆಂದು ಹೇಳಿಕೆ ಕೊಟ್ಟಿರುವುದು ನನಗೆ ತಿಳಿದಿದೆ. ನಾನು ಒಂದೊಂದು ಮಾತಿಗೂ ನಿಂತು, ತಲೆಯಾಡಿಸಿ, ಮುಂದುವರಿದದ್ದನ್ನು ಅವರು ನೋಡಿದ್ದಾರೆ.

7-05ಕ್ಕೆ ಅಗ್ನಿಶಾಮಕದವರು ಬಂದರು. ಹಗೇವು 12 ಅಡಿ ಆಳ, ಬಾಯಿ ಎರಡು ಅಡಿ. ಸಣ್ಣತಿಮ್ಮಪ್ಪನವರನ್ನು 7-40ಕ್ಕೆ ಮೇಲೆತ್ತಿದರು. ಉಸಿರಿತ್ತು, ತಲೆಗೆ ಪೆಟ್ಟಾಗಿ ಪ್ರಜ್ಞೆ ಇರಲಿಲ್ಲ. ಅವರ ಬಲಗೈ ಮುಷ್ಟಿ ಕಟ್ಟಿತ್ತು. ಬಿಡಿಸಿದಾಗ ಹಸಿರು ಗಾಜಿನ ಬಳೆಯ ಮೂರು ಚೂರು ಸಿಕ್ಕವು. ಕೆಳಗಿಳಿದಿದ್ದ ಸಿಬ್ಬಂದಿ ಮತ್ತೊಮ್ಮೆ ಇಳಿದು, ಮೇಲೆ ಬಂದು, ಪೊಲೀಸರನ್ನು ಕರೆಯಲು ಹೇಳಿದರು. ತಳದ ಹೊಟ್ಟಿನಡಿ ಮನುಷ್ಯನ ಹಳೆಯ ಮೂಳೆಗಳು ಮತ್ತು ಒಂದು ಕಸಬರಿಗೆಯ ಕಟ್ಟು ಇದ್ದವು.

ದಿನಾಂಕ 14ರ ಬೆಳಿಗ್ಗೆ 8 ಗಂಟೆಗೆ ಮರುಳಸಿದ್ದಮ್ಮನವರು ನನ್ನನ್ನು ಕರೆಸಿದರು. ಬುಧವಾರ ಮಧ್ಯಾಹ್ನ ಸಣ್ಣತಿಮ್ಮಪ್ಪ ಬಂದು, ಅಕ್ಕ ಬಸ್ಸು ಹತ್ತಿದ್ದನ್ನು ನೀನು ಕಂಡೆಯಾ ಎಂದು ಕೇಳಿದ್ದರಂತೆ. ತಾನು ಕಂಡಿಲ್ಲ, ಅವರ ತಾಯಿಯ ಬಾಯಿಂದ ಕೇಳಿದ್ದು ಎಂದು ಇವರು ಹೇಳಿದರಂತೆ. "ಬೊಮ್ಮಕ್ಕ ಕಸಬರಿಗೆ ಹಿಡ್ಕಂಡು ಕಣದ ಕಡೆ ಹೋಗಿದ್ದು ಕಂಡಿದ್ದೆ, ಅದನ್ನೂ ಅವನಿಗೆ ಹೇಳ್ದೆ. ಬಂದಿದ್ದು ಕಾಣ್ಲಿಲ್ಲ ಕಣೇ. ಐವತ್ತೊಂದು ವರ್ಷದಾಗ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ" ಎಂದು ಅವರು ನನ್ನ ಕೈ ಹಿಡಿದುಕೊಂಡರು.

ದಿನಾಂಕ 15ರ ಶನಿವಾರ ಬೆಳಿಗ್ಗೆ 11-20ಕ್ಕೆ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಸಣ್ಣತಿಮ್ಮಪ್ಪನವರಿಗೆ ಮಾತು ಬಂತು. ನಾನು ಎದುರಿಗಿದ್ದೆ. ಅವರು ಹೇಳಿದ್ದರಲ್ಲಿ ಹಗೇವಿನ ಕೆಲಸದ ಕ್ರಮ ಬರುವುದರಿಂದ ಅದನ್ನು ವಿವರಿಸುತ್ತೇನೆ. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಮೊದಲು ಹಗ್ಗದಲ್ಲಿ ದೀಪ ಇಳಿಸಬೇಕು. ದೀಪ ಆರಿದರೆ ಇಳಿಯಬಾರದು. ಇಳಿದವರಿದ್ದರೆ ಮೇಲಿನವರು ಮಾತಾಡಿಸುತ್ತಲೇ ಇರಬೇಕು, ಒಳಗಿನವರು ಪ್ರತಿ ಮಾತಿಗೂ ಹ್ಞೂಂ ಎನ್ನುತ್ತಿರಬೇಕು. ಹ್ಞೂಂ ನಿಂತರೆ ಕೂಡಲೇ ಎಳೆಯಬೇಕು. ಕಲ್ಲು ಮುಚ್ಚುವ ಮುಂಚೆ ಒಳಕ್ಕೆ ಮೂರು ಸಲ ಕೂಗಿ, ಯಾರೂ ಹ್ಞೂಂ ಎನ್ನಲಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

1974ರಲ್ಲಿ ಅಕ್ಕ ಕಾಣೆಯಾದ ದಿನ ಮಧ್ಯಾಹ್ನ, ಗಾಳಿ ನೋಡಿ ಬಾ ಎಂದು ತಂದೆ ಕಣದ ಅಂಚಿನಲ್ಲೇ ನಿಂತು ಇವರನ್ನು ಒಬ್ಬರನ್ನೇ ಹಗೇವಿನ ಬಳಿಗೆ ಕಳಿಸಿದ್ದರು. ಬೊಮ್ಮಕ್ಕ ಬೆಳಿಗ್ಗೆಯೇ ತಳದ ಜೋಳ ಬಳಿಯಲು ಇಳಿದಿದ್ದಾಳೆಂದು ಇವರಿಗೆ ಗೊತ್ತಿರಲಿಲ್ಲ. ದೀಪ ಅರ್ಧಕ್ಕೇ ಆರಿತು. ಇವರು ಹೆದರಿದರು. ಹಗೇವು ಕೆಟ್ಟಿದೆ, ಕಲ್ಲು ಹಾಕು ಎಂದು ತಂದೆ ದೂರದಿಂದಲೇ ಕೂಗಿದರು. ಇವರು ಕಲ್ಲು ಎಳೆದು ಮಣ್ಣು ಮೆತ್ತಿ ಮನೆಗೆ ಓಡಿದರು.

"ಕೂಗ್ಲಿಲ್ಲ ತಂಗಿ. ಒಂದ್ಸಲನೂ ಕೂಗ್ಲಿಲ್ಲ. ಕೂಗಿದ್ರೆ ಹ್ಞೂಂ ಅಂದಿರಾಳು" ಎಂದು ಅವರು ನನಗೆ ಹೇಳಿದರು.

ಅವರು ಕಲ್ಲು ಎತ್ತಲು ಹೋಗಿ, ಅದು ಒಡೆದು ಒಳಗೆ ಬಿದ್ದದ್ದು ಬುಧವಾರ ಸಂಜೆ 5ರ ಸುಮಾರಿಗೆ. ಕೈಗೆ ಬಳೆ ಸಿಕ್ಕಿದ್ದಷ್ಟೇ ಅವರಿಗೆ ನೆನಪು. ಪೆಟ್ಟು ಬಿದ್ದ ರೀತಿ ನೋಡಿದರೆ ಗುರುವಾರ ಸಂಜೆ ಅವರಿಂದ ಯಾವ ಶಬ್ದವೂ ಹೊರಟಿರಲು ಸಾಧ್ಯವಿಲ್ಲವೆಂದು ವೈದ್ಯರು ಹೇಳಿದ್ದಾರೆ. ನನಗೆ ಇದು ಕಣದಲ್ಲಿಯೇ ಗೊತ್ತಿತ್ತು. ನಾಲ್ಕು ವರ್ಷ ಕೇಳಿದ ಹ್ಞೂಂ ನನಗೆ ಗೊತ್ತಿಲ್ಲದೆ ಇರುತ್ತದೆಯೇ. ಅವರದು ಕೆಮ್ಮು ಬೆರೆತ ದಪ್ಪ ದನಿ. ನಾನು ಕೇಳಿದ್ದು ಹದಿಹರೆಯದ ಹೆಣ್ಣುಮಗಳ ದನಿ.

ಇದನ್ನು ಅವರಿಗೆ ತಿಳಿಸಬೇಕೋ ಬಾರದೋ ಎಂದು ಯೋಚಿಸಿ, ತಿಳಿಸಿದೆ. ಅವರು, "ಸಿಟ್ಟಿತ್ತಾ?" ಎಂದು ಕೇಳಿದರು. ಇರಲಿಲ್ಲ, ಬೀರಮ್ಮನಿಗೆ ಮುಂದೇನಾಯಿತು ಎಂದು ಕೇಳುವಂತೆ ಇತ್ತು ಎಂದೆ. ನನಗೆ ಕೇಳಿಸಿದಂತೆಯೇ ಹೇಳಿದ್ದೇನೆ, ಸಮಾಧಾನಕ್ಕಾಗಿ ಹೇಳಿಲ್ಲ.

ಮಹಿಳಾ ಹೆಡ್ ಕಾನ್‌ಸ್ಟೆಬಲ್ ಆಶಾರಾಣಿಯವರು, ದನಿಯ ಸಂಗತಿ ಬರೆದರೆ ಕೇಸು ನಗೆಪಾಟಲಾಗುತ್ತದೆ, ಅಂದಾಜಿನ ಮೇಲೆ ಹುಡುಕಿದೆ ಎಂದು ಬರೆಯಲೇ ಎಂದು ಕೇಳಿದರು. ಬೇಡವೆಂದೆ. ಅಂದಾಜಾಗಿದ್ದರೆ ಮಧ್ಯಾಹ್ನವೇ ಹುಡುಕುತ್ತಿದ್ದೆ.

ಮೂಳೆಗಳನ್ನು ಪರೀಕ್ಷೆಗೆ ಕಳಿಸಲಾಗಿದೆ. ಬುಧವಾರ 19ರಂದು ಹಗೇವನ್ನು ಹೊಸ ಕಲ್ಲಿನಿಂದ ಮುಚ್ಚುವುದಾಗಿ ಪಂಚಾಯಿತಿಯವರು ತಿಳಿಸಿದ್ದಾರೆ. ಮುಚ್ಚುವ ಮುಂಚೆ ತಮ್ಮನ್ನು ಅಲ್ಲಿಗೆ ಕರೆದೊಯ್ಯಬೇಕು, ಒಳಕ್ಕೆ ಮೂರು ಸಲ ಕೂಗಬೇಕು ಎಂದು ಸಣ್ಣತಿಮ್ಮಪ್ಪನವರು ಕೇಳಿಕೊಂಡಿದ್ದಾರೆ. ಅದಕ್ಕೆ ಅಪ್ಪಣೆ ಕೊಡಬೇಕೆಂದು ಅವರ ಪರವಾಗಿ ಪ್ರಾರ್ಥಿಸುತ್ತೇನೆ. ಮೂಳೆ ತೆಗೆದ ಮೇಲೆ ಅಲ್ಲಿ ಯಾರಿದ್ದಾರೆ ಎಂದು ಪಿಎಸ್‌ಐ ಸಾಹೇಬರು ಕೇಳಿದರು. ಅದೇ ಪ್ರಶ್ನೆಯನ್ನು ನಾನೂ ಸಣ್ಣತಿಮ್ಮಪ್ಪನವರಿಗೆ ಕೇಳಿದ್ದೆ. ಯಾರೂ ಇಲ್ಲದಿದ್ದರೆ ಕಲ್ಲನ್ನು ತಾವೇ ಮುಟ್ಟಿ ಹಾಕಿಸುವುದಾಗಿ ಹೇಳಿದರು. ಹ್ಞೂಂ ಎಂದರೆ ಏನು ಮಾಡುವುದೆಂದು ಕೇಳಿದೆ. ಹಾಗೆ ಅಂದರೆ ಈ ಸಲ ಹಗ್ಗ ಇಳಿಬಿಡುವುದಾಗಿ ಹೇಳಿದರು.

ಮೇಲೆ ಬರೆದದ್ದನ್ನು ಆಶಾರಾಣಿಯವರು ನನಗೆ ಓದಿ ಹೇಳಿದರು. ಕಂಡದ್ದು ಕಂಡಂತೆ, ಕೇಳಿದ್ದು ಕೇಳಿದಂತೆ ಇದೆ. ಯಾರ ಒತ್ತಾಯವೂ ಇಲ್ಲದೆ ರುಜು ಹಾಕಿದ್ದೇನೆ.

ಸ್ಥಳ: ತುರುವನೂರು
ದಿನಾಂಕ: 17-02-2025, ಮಧ್ಯಾಹ್ನ 12-40
ಸಹಿ: ಏಕನಾಥಮ್ಮ