ಶರಬತ್ತು ಬೇಡ ಎಂದವನು

ಕೈರೋದ ಬಸ್ ನಿಲ್ದಾಣದ ಸಾಲಿನಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ಚಟ ಬಿಡಿಸುವ ಕೇಂದ್ರದಿಂದ ತಮ್ಮ ಆಗಷ್ಟೇ ಹೊರಬಂದಿದ್ದ.

“ಇದು ನಾನಿರೋ ತಾಂತಾ ಊರಿನ ಬಸ್ಸು ಕಣೋ ರಜಬ್. ಅಮ್ಮನ ಮನೆಗಲ್ಲ.”

“ಗೊತ್ತಕ್ಕ. ನಿಮ್ಮನೇಗೇ ಬರ್ತೀನಿ.”

“ನೀನು ಬರೋ ಖುಷಿಗೆ ಅಮ್ಮ ಶರಬತ್ತು ಮಾಡಿಟ್ಟು ಗಲ್ಲಿಯವರನ್ನೆಲ್ಲ ಕರೆದಿದ್ದಾಳೆ.”

“ಹೋದ ಸಲ ಕೇಂದ್ರದಿಂದ ಬಂದಾಗ್ಲೂ ಹಂಚಿದ್ಲು. ಪಕ್ಕದ್ಮನೆ ಬಯೂಮಿ ಎರಡು ಲೋಟ ಕುಡಿದ.” ತಮ್ಮ ಅವನ ಹಾಗೇ ಮೂಗಿನಲ್ಲಿ ರಾಗ ಎಳೆದ. “‘ಬಂದ್ಯಾ ಪಾಶಾ, ನಮ್ ದೊರೆ, ನೀನಿಲ್ದೆ ಗಲ್ಲೀಗೇ ಕತ್ತಲೆ.’ ಕೈ ಕುಲುಕಿ ಬಿಟ್ಟಾಗ ನನ್ನ ಅಂಗೈಲಿ ಮಾತ್ರೆ ಇತ್ತು. ಅವತ್ತೇ ಮತ್ತೆ ಶುರುವಾಯ್ತು.”

ಬಯೂಮಿಯನ್ನು ನಾನು ಕಂಡವನಲ್ಲ. ಆ ದನಿ ಕೇಳಿದ ಮೇಲೆ ಎಲ್ಲಿ ಸಿಕ್ಕರೂ ಗುರುತಿಸಬಲ್ಲೆ.

“ಅಮ್ಮನ ಎದುರಿಗೇನಾ?”

“ಅವಳು ಅವನಿಗೆ ಮೂರನೇ ಲೋಟ ತುಂಬ್ತಿದ್ಲು.”

“ಈ ಸಲ ಬೇಡ ಅಂದ್ಬಿಡು.”

“ಇವತ್ತು ಅಂತೀನಿ. ನಾಳೆ, ನಾಡಿದ್ದು, ಪಕ್ಕದ್ಮನೇಲೇ ಇರ್ತಾನಲ್ಲ ಅಕ್ಕ. ನಾನು ಅಲ್ಲಿಗೆ ಹೋಗಲ್ಲ.”

ಅಕ್ಕ ಫೋನ್ ತೆಗೆದಳು. “ಅಮ್ಮ, ರಜಬ್ ನನ್ ಜೊತೆ ಬರ್ತಿದ್ದಾನೆ. ಅಳಬೇಡ. ಶರಬತ್ತು ನೀನೇ ಕುಡಿ. ಎಲ್ಲಿದ್ದಾನೆ ಅಂತ ಬಯೂಮಿ ಕೇಳಿದ್ರೆ ಗೊತ್ತಿಲ್ಲ ಅನ್ನು.”

ಬಸ್ಸು ಬಂತು. ಅಕ್ಕ ತಮ್ಮನನ್ನು ಕಿಟಕಿಯ ಕಡೆಗೆ ತಳ್ಳಿ, ಬಾಗಿಲ ಕಡೆಗೆ ತಾನು ಕೂತಳು.