ಎಡಕ್ಕೆ ಸುತ್ತಿದ ಬಸವನಹುಳು

ಗೋಡೆಗೆ ಬಿಳಿ ಬಳಿದದ್ದು ತಪ್ಪು. ಕದ್ದುಮುಚ್ಚಿ ಬಳಿದದ್ದೂ ಅಲ್ಲ. ಹಾಡಹಗಲೇ, ಸಂತೆ ಮಾಳದ ನಡುವೆ ಏಣಿ ನಿಲ್ಲಿಸಿ, ಸತ್ತವರ ಗುರುತುಗಳನ್ನು ಮೇಲಿನಿಂದ ಕೆಳಗಿನವರೆಗೆ ಮುಚ್ಚಿದರು. ಮಾಡಿಸಿದವನು ನಮ್ಮ ಕೌನ್ಸಿಲ್ ಅಧ್ಯಕ್ಷ. ರಾಜಧಾನಿಯಿಂದ ಯಾರೋ ದೊಡ್ಡ ಮನುಷ್ಯ ಬರುವವನಿದ್ದನಂತೆ, ಅವನ ಕಣ್ಣಿಗೆ ಹಳೇ ಯುದ್ಧ ಬೀಳಬಾರದಂತೆ. ಕಾರಣ ಅಷ್ಟೇ.

ಅವತ್ತು ರಾತ್ರಿ ಆದದ್ದನ್ನು ಹೇಳುತ್ತೇನೆ. ದೀಪ ಸ್ವಲ್ಪ ಸಣ್ಣ ಮಾಡಿ. ಇದು ನಮ್ಮ ಪಕ್ಕದ ಮನೆಯ ಉಗೊಯೆಗೆ ಆದದ್ದು.

ನಮ್ಮ ಸೀಮೆ ಬೇರೆ ದೇಶವಾಗಲು ಹೊರಟ ಬಿಯಾಫ್ರಾ ಯುದ್ಧದಲ್ಲಿ ನಮ್ಮ ಸಂತೆಯ ಮೇಲೆ ವಿಮಾನ ಬಾಂಬು ಸುರಿಯಿತು. ನಿಂತು ಉಳಿದದ್ದು ಒಂದು ಕೆಮ್ಮಣ್ಣಿನ ಗೋಡೆ. ಯಾರ ಕೈ ಯಾರದು, ಯಾರ ಕಾಲು ಯಾರದು ಎಂದು ಹೇಳುವಂತಿರಲಿಲ್ಲ. ಎಲ್ಲರನ್ನೂ ಒಂದೇ ಗುಂಡಿಗೆ ಹಾಕಿ ಮಣ್ಣು ಎಳೆದರು. ಫೋಟೋ ಯಾರ ಮನೆಯಲ್ಲಿತ್ತು ಆಗ? ಮನೆಗೋಡೆಗೆ ಚಿತ್ತಾರ ಬರೆಯುತ್ತಿದ್ದ ಹೆಂಗಸರೇ ಆ ಗೋಡೆ ಸಾರಿಸಿ, ಒಬ್ಬೊಬ್ಬರಿಗೆ ಒಂದೊಂದು ಗುರುತು ಬರೆದರು. ಬೇಟೆಗಾರನಿಗೆ ಈಟಿ. ಗೆಣಸು ಬೆಳೆದವನಿಗೆ ಬಳ್ಳಿಯ ಕುಡಿ. ಬಸುರಿಗೆ ಅರ್ಧ ಚಂದ್ರ. ಮಳೆ ಬಂದರೆ ಎಲ್ಲ ತೊಳೆದುಹೋಗುತ್ತಿತ್ತು. ಮಳೆಗಾಲ ಮುಗಿದ ಮೇಲೆ ಮತ್ತೆ ಬರೆಯುತ್ತಿದ್ದರು. ಹಾಗೇ ಇಷ್ಟು ಕಾಲ ನಡೆದುಕೊಂಡು ಬಂದಿತ್ತು.

ಉಗೊಯೆಯ ತಮ್ಮ ಒಕ್ವುದಿಲಿಯ ಗುರುತು ಬಸವನಹುಳು. ಅವನು ಕಾಡಿನಲ್ಲಿ ಬಸವನಹುಳು ಹೆಕ್ಕಿ ಮಾರುತ್ತಿದ್ದ. ಬಾಂಬು ಬಿದ್ದ ದಿನವೂ ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ಸಂತೆಗೆ ಹೋಗಿದ್ದ. ಎಡಗೈಯವನು. ಚಿಕ್ಕವನಿದ್ದಾಗ ಅಕ್ಕನ ಜೊತೆ ಮನೆಗೋಡೆಗೆ ಬಸವನಹುಳು ಬರೆದರೆ ಸುರುಳಿ ಎಡಕ್ಕೇ ಸುತ್ತುತ್ತಿತ್ತು. ಎಡಗೈಯಲ್ಲಿ ಏನು ಮಾಡಿದರೂ ನಮ್ಮಲ್ಲಿ ಮರ್ಯಾದೆಯಲ್ಲ. ತಾಯಿ ಅವನ ಕೈಗೆ ಒಂದು ಬಿಟ್ಟು, ಅಳಿಸಿ, ಬಲಕ್ಕೆ ತಿದ್ದುತ್ತಿದ್ದಳು. ಉಗೊಯೆ ಸಂತೆಗೋಡೆಯ ಮೇಲೂ ತಾಯಿ ಕಲಿಸಿದಂತೆ ಬಲಕ್ಕೇ ಬರೆಯುತ್ತ ಬಂದಳು. ಹುಡುಗನ ಎಡ ಸುರುಳಿ ಮನೆಯವರಿಗೆ ಮಾತ್ರ ಗೊತ್ತಿತ್ತು. ಆ ತವರಿನವರಲ್ಲಿ ಈಗ ಉಳಿದವಳು ಅವಳೊಬ್ಬಳೇ.

ಬಳಿಯುವ ದಿನ ಅವಳು ಏಣಿಯ ಬುಡ ಹಿಡಿದುಕೊಂಡು ಒಂದು ಗೇಣು ಜಾಗ ಬಿಡಿ ಎಂದು ಬೇಡಿದಳು. ಅಧ್ಯಕ್ಷ ಕಾರಿನಿಂದ ಇಳಿಯಲೂ ಇಲ್ಲ.

"ಅಜ್ಜೀ, ಅದು ಬರೀ ಬಸವನಹುಳು. ಒಂದು ಕೊಡಿಸ್ತೀನಿ, ಸಾರು ಮಾಡ್ಕೊಂಡು ತಿನ್ನು" ಅಂದ. ಸುತ್ತ ಇದ್ದವರು ನಕ್ಕರು.

ಅದಕ್ಕೇ ಅವಳು ಆ ರಾತ್ರಿ ಹೊರಟದ್ದು. ಸೆರಗಿನ ತುದಿಯಲ್ಲಿ ಇದ್ದಿಲು ಕಟ್ಟಿಕೊಂಡು, ಟಾರ್ಚ್ ಹಿಡಿದುಕೊಂಡು. ಹಿಂದೆ ಎಕೆಮ್ಮ. ಒಬ್ಬನೇ ಗಂಡನ ಇಬ್ಬರು ಹೆಂಡಿರು ಅವರು, ಈಗ ಇಬ್ಬರೂ ವಿಧವೆಯರು. ಜಗಳವಾಡದೆ ಇಬ್ಬರಿಗೂ ನಿದ್ದೆ ಬರುವುದಿಲ್ಲ.

ಧೂಳಿನ ಗಾಳಿಯ ಕಾಲ. ತುಟಿ ಒಡೆಯುವಷ್ಟು ಒಣಹವೆ. ದಾರಿಯಲ್ಲಿ ಆ ದೊಡ್ಡ ಬೂರುಗದ ಮರ ಇದೆಯಲ್ಲ, ಹುಟ್ಟಬೇಕಾದ ಮಕ್ಕಳು ಕಾದು ಕೂರುವ ಮರ... ಅದರ ಒಣಕಾಯಿಗಳು ಮೇಲೆಲ್ಲೋ ಒಂದಕ್ಕೊಂದು ತಾಗುತ್ತಿದ್ದವು. ಟಕ್... ಟಕ್...

"ಗಂಡ ಸತ್ರೂ ನಿನ್ನ ಹಿಂದೆ ಅಲೆಯೋದು ತಪ್ಪಲಿಲ್ಲ ನೋಡು" ಎಂದಳು ಎಕೆಮ್ಮ.

"ಮೆಲ್ಲಗೆ ಮಾತಾಡೇ. ನಿನ್ನ ಬಾಯಿಗೆ ಊರೇ ಏಳುತ್ತೆ."

ಮರ ದಾಟಿದರು. ನಾಲ್ಕು ಹೆಜ್ಜೆ ಹೋಗಿರಬೇಕು.

"ಅಕ್ಕಾ..."

"ಏನೇ?" ಎಂದಳು ಉಗೊಯೆ.

ಎಕೆಮ್ಮ ಅಲ್ಲೇ ನಿಂತುಬಿಟ್ಟಳು. "ನಾನು ಕರೀಲಿಲ್ಲ."

ಗಾಳಿ ನಿಂತಿತ್ತು. ಕಾಯಿಗಳ ಸದ್ದೂ ಇಲ್ಲ.

"ಮುಖ ಕಾಣದೆ ರಾತ್ರಿ ಕರೆದದ್ದಕ್ಕೆ ಓಗೊಟ್ಟೆಯಲ್ಲ ಅಕ್ಕ..."

"ನೀನೇ ಅಂದ್ಕೊಂಡೆ."

ಇಬ್ಬರೂ ಹೆಜ್ಜೆ ಚುರುಕು ಮಾಡಿದರು. ವಾಪಸ್ಸು ಮಾತ್ರ ಹೋಗಲಿಲ್ಲ.

ಕತ್ತಲಲ್ಲಿ ಗೋಡೆ ಬೆಳ್ಳಗೆ ನಿಂತಿತ್ತು. ಒಂದು ಗೀರೂ ಇಲ್ಲ. ಉಗೊಯೆ ಕೂತು, ಟಾರ್ಚಿನ ಬೆಳಕಲ್ಲಿ ತಮ್ಮನ ಜಾಗ ಅಂದಾಜು ಮಾಡಿ ಇದ್ದಿಲು ಊರಿದಳು. ಅವಳ ಕೈ ನಡುಗುತ್ತದೆ, ವರ್ಷಗಳಿಂದ. ಬಳಿದದ್ದು ದಪ್ಪ, ಒಳಗೆ ಇನ್ನೂ ಹಸಿ. ಇದ್ದಿಲು ಹಿಡಿಯಲಿಲ್ಲ, ಜಾರಿ ಬೂದಿ ಬಣ್ಣದ ಕಲೆಯಾಯಿತು. ಇನ್ನೊಂದು ಸಲ ಎಳೆದಳು. ಮತ್ತೊಂದು ಸಲ. ಕಲೆ ದೊಡ್ಡದಾಯಿತೇ ಹೊರತು ಗೆರೆ ಮೂಡಲಿಲ್ಲ. ಅವಳು ಟಾರ್ಚ್ ಆರಿಸಿ ಹಣೆಯನ್ನು ಗೋಡೆಗೆ ಆನಿಸಿಬಿಟ್ಟಳು.

"ಇದೊಂದು ಇತ್ತು ಕಣೇ" ಎಂದಳು. "ಗೋರಿ ಇಲ್ಲ, ಫೋಟೋ ಇಲ್ಲ. ನಾನೂ ಹೋದ್ಮೇಲೆ, ಅಂಥವನೊಬ್ಬ ಇದ್ದ ಅನ್ನೋಕೆ ಏನಿದೆ?"

ಎಕೆಮ್ಮ ಹತ್ತಿರ ಕೂತಳು. ಸೆರಗಿನಿಂದ ಅವಳ ಹಣೆ ಒರೆಸಿದಳು. ಒರೆಸಿದ ಬೆರಳನ್ನು ಮೂಸಿದಳು. ನಾಲಿಗೆಗೆ ಮುಟ್ಟಿಸಿದಳು...

"ಅಕ್ಕ, ಇದು ಪೇಂಟಲ್ಲ."

"ಮತ್ತೇನು?"

"ನ್ಜು. ಎಲ್ಲಾ ಬಸಿರಲ್ಲೂ ತಿಂದಿದೀನಿ, ನನಗೆ ರುಚಿ ಗೊತ್ತಾಗಲ್ವಾ?"

ಗೋಡೆ ಬಳಿಯಲು ಗುತ್ತಿಗೆ ಹಿಡಿದ ಕಂಟ್ರಾಕ್ಟರ್ ಪೇಂಟಿನ ದುಡ್ಡು ನುಂಗಿದ್ದ. ಹೊಳೆದಂಡೆಯ ಬಿಳಿ ಜೇಡಿಮಣ್ಣು ಅಗೆಸಿ ಕಲಸಿ ಬಳಿಸಿದ್ದ. ಅವನಿಗೆ ಅದು ಬರೀ ಮಣ್ಣು. ಆದರೆ ನಮ್ಮಲ್ಲಿ ಮನೆಗೆ ಬಂದವರ ಮುಂದೆ ಮೊದಲು ಇಡುವುದೇ ಆ ನ್ಜು. ಬಂದವರು ಅದರಿಂದ ನೆಲದ ಮೇಲೆ ತಮ್ಮ ಗುರುತು ಎಳೆಯುತ್ತಾರೆ. ಆಮೇಲೆ ಮಾತು, ಆಮೇಲೆ ಊಟ. ನ್ಜು ಇಟ್ಟ ಮೇಲೆ ಯಾರನ್ನೂ ಹೊರಗೆ ಹೋಗು ಅನ್ನುವಂತಿಲ್ಲ.

"ಒಂದು ಗೋಡೆ ತುಂಬ ಇಟ್ಟಿದಾರೆ" ಎಂದಳು ಎಕೆಮ್ಮ. "ಇಷ್ಟು ನ್ಜು... ಯಾರನ್ನ ಕರೆದ ಹಾಗಾಯ್ತು?"

ಜೀರುಂಡೆಗಳು ಒಮ್ಮೆಲೇ ನಿಂತವು.

ಗೋಡೆಯ ಆ ತುದಿಯಲ್ಲಿ... ಸರ್ರ್... ಹಸಿ ಜೇಡಿಯಲ್ಲಿ ಬೆರಳು ಎಳೆದ ಸದ್ದು. ತಡೆಯಿತು. ಮತ್ತೆ ಸರ್ರ್... ಆಮೇಲೆ ನಡುವಿನಲ್ಲಿ. ಆಮೇಲೆ ಮೇಲೆ, ಏಣಿಯಿಲ್ಲದೆ ಕೈ ಎಟುಕದ ಕಡೆ. ಉದುರಿದ ಮಣ್ಣಿನ ಚೂರು ಒಣ ಎಲೆಯ ಮೇಲೆ ಬೀಳುತ್ತಿತ್ತು, ಪಟ್... ಪಟ್... ಯಾರ ಉಸಿರೂ ಕೇಳಿಸುತ್ತಿರಲಿಲ್ಲ.

ಆಮೇಲೆ ಉಗೊಯೆಯ ಮೊಣಕಾಲಿನ ಹತ್ತಿರ. ಕಿಟಿ... ಕಿಟಿ... ಕಿಟಿ...

ಬುಟ್ಟಿಯೊಳಗೆ ಚಿಪ್ಪಿಗೆ ಚಿಪ್ಪು ತಾಗುವ ಸದ್ದು. ತಮ್ಮ ಹಿತ್ತಿಲ ಬಾಗಿಲಿಗೆ ಬಂದಾಗ ದಿನಾ ಕೇಳುತ್ತಿದ್ದ ಸದ್ದು. ಬುಟ್ಟಿ ನೆಲಕ್ಕೆ ಇಳಿಯಿತು.

ಉಗೊಯೆ ಟಾರ್ಚ್ ಎತ್ತಿದಳು. ಎಕೆಮ್ಮ ಅವಳ ಮಣಿಕಟ್ಟು ಹಿಡಿದಳು.

"ಬಿಡೇ. ಒಂದು ಸಲ ಮುಖ ನೋಡ್ತೀನಿ."

"ಬೆಳಕು ಬಿಟ್ರೆ ಹೊರಟು ಹೋಗ್ತಾನೆ. ಎಳೀಲಿ ಬಿಡು ಅಕ್ಕ..."

ಅಷ್ಟು ಹತ್ತಿರ. ಕೈ ಚಾಚಿದರೆ ಸಿಗುವಷ್ಟು. ಬಾಂಬು ಬಿದ್ದ ದಿನದಿಂದ ಅವಳು ಕೇಳಿಕೊಂಡದ್ದು ಅದೊಂದೇ, ಆ ಮುಖ. ಟಾರ್ಚಿನ ಗುಂಡಿಯ ಮೇಲೆ ಹೆಬ್ಬೆರಳು ಇತ್ತು. ಒತ್ತಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಎಕೆಮ್ಮನ ಸೆರಗು ಕಚ್ಚಿಕೊಂಡು ಕೂತಳು. ಪಕ್ಕದಲ್ಲಿ ಸರ್ರ್... ಸರ್ರ್... ಸುತ್ತಿ ಸುತ್ತಿ ಒಳಗೆ ಹೋಗುವ ಸದ್ದು. ಕೋಳಿ ಕೂಗುವವರೆಗೆ ಇಬ್ಬರೂ ಅಲುಗಲಿಲ್ಲ.

ಬೆಳಗ್ಗೆ ಊರೇ ಸೇರಿತ್ತು. ಬಿಳಿ ಗೋಡೆಯ ತುಂಬ ಕೆಂಪು ಗೆರೆಗಳು, ಬೆರಳುಗಳು ಬಿಳಿಯನ್ನು ಸೀಳಿ ಕೆಮ್ಮಣ್ಣು ಮುಟ್ಟಿದ್ದವು. ಈಟಿ, ಬಳ್ಳಿ, ಅರ್ಧ ಚಂದ್ರ, ಎಲ್ಲ ಇದ್ದವು. ನಮ್ಮ ಹೆಂಗಸರು ಎಂದೂ ಬರೆಯದ ಗುರುತುಗಳೂ ಇದ್ದವು. ಅವು ಯಾರದೆಂದು ಯಾರಿಗೂ ಹೇಳಲಾಗಲಿಲ್ಲ.

ಅಧ್ಯಕ್ಷ ಬಂದವನೇ ಇದು ಆ ಮುದುಕಿಯರ ಕಿತಾಪತಿ ಎಂದು ಕೂಗಾಡಿದ. ಉಗೊಯೆ ಅವನೆದುರು ಬಂದಳು. ಅವನ ಮುಖದ ಮುಂದೆ ಬಲಗೈ ಚಾಚಿದಳು. ಒಣ ಎಲೆಯ ಹಾಗೆ ಅದುರುತ್ತಿತ್ತು ಆ ಕೈ. ಗೋಡೆಯ ಗೆರೆಗಳಲ್ಲಿ ಒಂದೂ ಅದುರಿರಲಿಲ್ಲ. ಕಂಟ್ರಾಕ್ಟರ್ ಜನರ ಹಿಂದಿನಿಂದಲೇ ಜಾರಿಕೊಂಡ.

ಅವಳ ಇದ್ದಿಲ ಕಲೆಯ ಪಕ್ಕದಲ್ಲಿ, ಹದಿಹರೆಯದವನು ಕುಕ್ಕರುಗಾಲಲ್ಲಿ ಕೂತರೆ ಕೈ ನಿಲುಕುವ ಎತ್ತರದಲ್ಲಿ, ಒಂದು ಬಸವನಹುಳು. ಸುರುಳಿ ಎಡಕ್ಕೆ ಸುತ್ತಿತ್ತು.

"ಇಷ್ಟು ವರ್ಷ ತಪ್ಪು ಬರೆದೆ ಕಣೋ" ಎಂದಳು ಉಗೊಯೆ. ಮುಟ್ಟಲಿಲ್ಲ.

ನಂಬದವರು ಎಕೆಮ್ಮನನ್ನು ಕೇಳಿ, ಇನ್ನೂ ಇದ್ದಾಳೆ. ಅವಳು ಇನ್ನೊಂದು ಮಾತೂ ಹೇಳುತ್ತಾಳೆ. ಧೂಳಿನ ಗಾಳಿಯ ಕಾಲದಲ್ಲಿ ಬಸವನಹುಳು ಮಣ್ಣೊಳಗೆ ಬಾಯಿ ಮುಚ್ಚಿ ಮಲಗಿರುತ್ತದೆ, ಹುಡುಕಿದರೂ ಸಿಗುವುದಿಲ್ಲ. ಆ ಬೆಳಗ್ಗೆ ಗೋಡೆಯ ಬುಡದಲ್ಲಿ, ಬಿರುಕುಬಿಟ್ಟ ನೆಲದ ಮೇಲೆ ಒಂದು ಹರಿದಾಡುತ್ತಿತ್ತು. ಮೈ ಒದ್ದೆ. ನಾನೂ ನೋಡಿದೆ. ಸಾರಿಗೆ ಏನು ಸಿಕ್ಕರೂ ಬಿಡದ ಎಕೆಮ್ಮ ಅದನ್ನು ದಾಟಿ ಹೋದಳು.

ಈಗ ಅಧ್ಯಕ್ಷ ಗೋಡೆಯನ್ನೇ ಕೆಡವಿಸುತ್ತಾನಂತೆ. ನಾಲ್ಕು ದಿನಕ್ಕೊಮ್ಮೆ ಕೂಡುವ ಎಕೆ ಸಂತೆ ಇದೆಯಲ್ಲ, ಈ ಸಲದ ಆ ಬೆಳಗ್ಗೆ ಯಂತ್ರ ಬರುತ್ತದೆ. ಉಗೊಯೆ ಚಾಪೆ ಹಾಕಿಕೊಂಡು ಅಲ್ಲೇ ಕೂತಿದ್ದಾಳೆ, ಒಬ್ಬಳೇ. ಆ ಯಾರದೋ ಗುರುತುಗಳು ದೂರದ ಊರುಗಳಿಂದ ಮಾರಲು ಬಂದವರದಿರಬೇಕು. ನಿಮ್ಮ ಮನೆಯಿಂದ ಬಾಂಬು ಬಿದ್ದ ದಿನ ಸಂತೆಗೆ ಹೋಗಿ ತಿರುಗಿ ಬಾರದವರು ಯಾರಾದರೂ ಇದ್ದಾರಾ? ಮನೆಯ ಹಿರಿಯರನ್ನು ಕೇಳಿ. ಈ ರಾತ್ರಿಯೇ ಎಬ್ಬಿಸಿ ಕೇಳಿ. ಎಕೆ ಸಂತೆಯ ದಿನ ಬೆಳಕು ಹರಿಯುವ ಮೊದಲು ಬಂದು, ಗೋಡೆಗೆ ಬೆನ್ನು ಕೊಟ್ಟು, ಯಂತ್ರಕ್ಕೆ ಎದುರಾಗಿ, ಅವರ ಗುರುತಿನ ಮುಂದೆ ನಿಲ್ಲಿ.