ಲೇತಿನ ಹಿಂದೆ ಚಾಚಿದ ಸರಳು

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ, ಲೋಹದ ಸರಳು ತಿರುಗಿಸಿ ಕಡೆಯುವ ಲೇತ್ ಕಾರ್ಖಾನೆಯ ಮೇಸ್ತ್ರಿ, ಅವನಾಚೆ ಗಾಯಾಳುವಿನ ತಮ್ಮ. ತಮ್ಮನ ಅಂಗಿಯೆಲ್ಲ ರಕ್ತ.

“ಆರಡಿ ಸರಳು ಲೇತಿನ ಹಿಂದೆ ಚಾಚಿತ್ತು ಮೇಸ್ತ್ರಿ. ತಿರುಗೋ ವೇಗ ಏರಿಸಿದ್ದೇ ತಡ, ಆ ತುದಿ ಬಗ್ಗಿ ಚಾಟಿ ಥರ ಬೀಸಿ ಅಣ್ಣನ ದವಡೆ ಪುಡಿ ಮಾಡ್ತು.”

“ಅದಕ್ಕೊಂದು ಆಸರೆ ಸ್ಟ್ಯಾಂಡ್ ಇಡೋದಲ್ವೇನೋ ಅವನು?”

“ಇಟ್ಟಿದ್ದ. ಸೆಖೆ ಅಂತ ನೀವು ಎತ್ಕೊಂಡೋಗಿ ಅದರ ಮೇಲೆ ಫ್ಯಾನ್ ಕೂರಿಸ್ಕೊಂಡ್ರಿ. ಕೇಳಿದ್ದಕ್ಕೆ, ಸ್ಟೇನ್‌ಲೆಸ್ ಸ್ಟೀಲು ಬಗ್ಗಲ್ಲ, ಓಡಿಸು ಅಂದ್ರಿ.”

“ಗಟ್ಟಿ ಮಾಲು ಕಣೋ ಅದು.”

“ಹೌದು. ತುಕ್ಕೂ ಹಿಡಿಯಲ್ಲ. ಅಣ್ಣ ಉಳೀಲಿಲ್ಲ ಅಂದ್ರೆ ಅದೇ ಸರಳಲ್ಲಿ ನಿಮ್ಮ ತಲೆ ಒಡೀತೀನಿ.”

ಆಪರೇಷನ್‌ಗೆ ಸಹಿ ಹಾಕಲು ನರ್ಸ್ ಕರೆದಳು. ಇಬ್ಬರೂ ಎದ್ದರು.

“ನೀವು ಕೂತ್ಕೊಳ್ಳಿ,” ಎಂದ ತಮ್ಮ, “ಇಲ್ಲೂ ಫ್ಯಾನಿದೆ.”